ಮೂರನೇ ಭಾಗದಲ್ಲಿ ಸತ್ತವಳು

ಕರಿಕಂಬಳಿಯ ಆರನೇ ಭಾಗ ಬಂದಿದೆ ಎಂಬ ಸುದ್ದಿ ತಂದವಳು ರಾಚವ್ವ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ ದಾರಕ್ಕೆ ಸಿಕ್ಕಿಸಿ ತೂಗುಬಿಟ್ಟಿದ್ದನ್ನು ಕಣ್ಣಾರೆ ಕಂಡು ಬಂದಿದ್ದಳು. ಓದಲಿಕ್ಕೆ ಬಾರದವಳಿಗೆ ಗುರುತು ಹೇಗೆ ಸಿಕ್ಕಿತು ಎಂದು ಕೇಳಬೇಡಿ. ತಲೆಯ ಮೇಲಿಂದ ಕಂಬಳಿ ಹೊದ್ದು, ಮುಖವೇ ಇಲ್ಲದೆ, ಬಾವಿಯ ಮೆಟ್ಟಿಲ ಮೇಲೆ ನಿಂತ ಆ ದೆವ್ವವನ್ನು ಐದು ಪುಸ್ತಕದ ರಟ್ಟಿನ ಮೇಲೆ ನೋಡಿದವಳು ಆರನೆಯದರ ಮೇಲೆ ನೋಡಿ ಮರೆಯುತ್ತಾಳೆಯೇ.

“ಐದನೇದರಾಗ ಸುಟ್ಟು ಬೂದಿ ಮಾಡಿದ್ರಲ್ಲ ಅದನ್ನ?” ಎಂದಳು ಗುರವ್ವ.

“ಬೂದಿ ಒಳಗಿಂದ ಎದ್ದೈತಿ. ಏಳು ವರ್ಷ ಮಲಗಿತ್ತು, ಸಾಕಲ್ಲ. ನಮಗ ಆಯಿತವಾರ ಒಂದಿನ ಸೂಟಿ ಇಲ್ಲ, ಅದಕ್ಕ ಏಳು ವರ್ಷ.”

ಎಲ್ಲರೂ ನಕ್ಕರು. ಅಂದೇ ವರ್ಗಣಿ ಕೂಡಿಸಿ ಪುಸ್ತಕ ತರಿಸಿದರು. ಅದನ್ನು ಓದಿ ಹೇಳಬೇಕಾದ ಮಥುರಾಬಾಯಿ ಮಾತ್ರ ರಟ್ಟು ತೆಗೆಯದೆ ಚೀಲಕ್ಕೆ ಹಾಕಿದಳು.

ಅಂದಾನೆಪ್ಪನ ಗೋದಾಮಿನಲ್ಲಿ ಒಂಬತ್ತು ಹೆಂಗಸರು ಶೇಂಗಾ ಬೀಜ ಆರಿಸುವವರು. ಮೊರದ ತುಂಬ ಬೀಜ ಹರವಿಕೊಂಡು, ಮುರುಕು, ಹುಳುಕು, ಜೊಳ್ಳು ತೆಗೆದು ಎಸೆದು, ಗಟ್ಟಿ ಬೀಜವನ್ನು ತಮ್ಮ ತಮ್ಮ ಗುಡ್ಡೆಗೆ ಸುರಿಯಬೇಕು. ಸಂಜೆಗೆ ಗುಡ್ಡೆ ಅಳೆದು ಕೂಲಿ. ಒಂಬತ್ತನೆಯವಳಾದ ಮಥುರಾಬಾಯಿ ಬೀಜಕ್ಕೆ ಕೈ ಹಚ್ಚುತ್ತಿರಲಿಲ್ಲ, ಓದುತ್ತಿದ್ದಳು. ಉಳಿದ ಎಂಟು ಮಂದಿ ಒಂದೊಂದು ಮೊರ ಮುಗಿದಾಗ ಒಂದು ಬೊಗಸೆ ಬೀಜ ಆಕೆಯ ಗುಡ್ಡೆಗೆ ಹಾಕುವರು. ಯಾರೂ ಕೂತು ಮಾಡಿದ ಕಾಯ್ದೆಯಲ್ಲ, ಹಾಗೇ ಬಿದ್ದ ರೂಢಿ. ಅಂದಾನೆಪ್ಪನೂ ಕಂಡೂ ಕಾಣದಂತಿದ್ದ. ದೆವ್ವ ಬಂದಾಗ ಹೆಂಗಸರ ಕೈ ಇನ್ನಷ್ಟು ಚುರುಕಾಗುತ್ತದೆ ಎಂಬುದು ಅವನ ಲೆಕ್ಕ. ವ್ಯಾಪಾರಸ್ಥ, ದೆವ್ವದಿಂದಲೂ ದುಡಿಸಿಕೊಂಡ.

ಈ ಮಥುರಾಬಾಯಿ ಕಿತ್ತೂರ ಹತ್ತಿರದ ದೇಗಾಂವದ ಬ್ರಾಹ್ಮಣ ಪೂಜಾರಿ ಮನೆತನದ ಸೊಸೆ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಗಂಡ ನೀಲಕಂಠ ತೀರಿಕೊಂಡಾಗ ಆಕೆಗೆ ಮೂವತ್ತೆರಡು. ವಿಧವೆಗೆ ಎರಡು ಹೊತ್ತು ಊಟ ಸಾಕು, ಹೊಲ ಯಾಕೆ ಎಂದ ಮೈದುನ ಕೃಷ್ಣಾಜಿ. ಊಟವೂ ಒಂದು ಹೊತ್ತಿಗೆ ಇಳಿದಾಗ ಆಕೆ ಟ್ರಂಕು ಎತ್ತಿಕೊಂಡು ಬೈಲಹೊಂಗಲದ ಬಸ್ಸು ಹತ್ತಿದಳು. ಮುಂದೆ ಉಳುವವನೇ ಒಡೆಯ ಎಂಬ ಕಾಯ್ದೆ ಬಂತು. ಗೇಣಿಯವನು ಡಿಕ್ಲರೇಶನ್ ಹಾಕಿ ಹೊಲ ತನ್ನದು ಮಾಡಿಕೊಂಡ. ಕೃಷ್ಣಾಜಿ ಊರಿಗೆಲ್ಲ ಕೇಳುವಂತೆ ಅತ್ತ. ಮಥುರಾಬಾಯಿ ಅಳಲಿಲ್ಲ. ಹೋಗಬೇಕಾದವರ ಕೈಗೇ ಹೋಯಿತು, ಆಕೆಯದಂತೂ ಹತ್ತು ವರ್ಷ ಮೊದಲೇ ಹೋಗಿತ್ತು.

ಈಗ ಆಕೆಗೆ ನಲವತ್ತೆಂಟು. ದಪ್ಪ ಕನ್ನಡಕ. ಅಕ್ಷರ ಮೂಗಿನ ಹತ್ತಿರ ಹಿಡಿದರೆ ಕಾಣುತ್ತವೆ, ಆದರೆ ಮೊರದಲ್ಲಿ ಹುಳುಕು ಯಾವುದು ಗಟ್ಟಿ ಯಾವುದು ತಿಳಿಯುವುದಿಲ್ಲ, ಬೆರಳೂ ನಡುಗುತ್ತವೆ. ಎಂಟು ಬೊಗಸೆ ಬಿದ್ದರೆ ಒಲೆ ಹೊತ್ತುತ್ತದೆ, ಇಲ್ಲವಾದರೆ ಇಲ್ಲ. ಇಷ್ಟು ತಿಳಿದಿರಲಿ, ಮುಂದಿನದು ಅರ್ಥವಾಗುತ್ತದೆ.

ತಪ್ಪು ನಡೆದದ್ದು ಎಂಟು ವರ್ಷದ ಹಿಂದೆ, ಅರವತ್ತೊಂಬತ್ತರಲ್ಲಿ, ಮೂರನೇ ಭಾಗ ಓದುವಾಗ. ಕತೆಯಲ್ಲಿ ರಘುನಾಥನ ಹೆಂಡತಿ ಇಂದುಮತಿ ಎಂಬವಳು ಏಳು ತಿಂಗಳ ಬಸುರಿ. ಬಾವಿಗೆ ಹೋಗಬೇಡ ಎಂದು ಅತ್ತೆ ಹೇಳಿದರೂ ಕೇಳದೆ ಹೋಗುತ್ತಾಳೆ. ಕರಿಕಂಬಳಿ ಆಕೆಯನ್ನು ಏಳು ಮೆಟ್ಟಿಲ ಕೆಳಗೆ ಎಳಕೊಂಡು ಹೋಗುತ್ತದೆ. ತಾಯಿ ಕೂಸು ಎರಡೂ ಮುಗಿದವು. ಮಥುರಾಬಾಯಿಯ ಕಣ್ಣು ಆ ಸಾಲಿಗೆ ಮುಟ್ಟಿದಾಗ ಎದುರಿಗೆ ಕೂತವಳು ಗುರವ್ವ. ಆಕೆಗೂ ಏಳು ತಿಂಗಳು. ಮೊದಲಿನ ಎರಡು ಕೂಸು ಹುಟ್ಟಿದ ವಾರದೊಳಗೇ ಮಣ್ಣು ಸೇರಿದ್ದವು. ಬಸುರಿಯ ಕಿವಿಗೆ ಅಂಥ ಸಾವು ಬೀಳಬಾರದು ಎಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಮಥುರಾಬಾಯಿಯ ನಾಲಿಗೆ ತಾನೇ ಹೊರಳಿತು. ಇಂದುಮತಿಯ ಕೈಗೆ ನೀರು ಸೇದುವ ಹಗ್ಗ ಸಿಕ್ಕಿತು, ಹಗ್ಗ ಹಿಡಿದು ಮೇಲೆ ಬಂದಳು, ತವರುಮನೆಗೆ ಹೋಗಿ ಹಡೆದಳು ಎಂದು ಓದಿಬಿಟ್ಟಳು. ಗುರವ್ವ ಮೊರ ಕೆಳಗಿಟ್ಟು ಉಸಿರು ಬಿಟ್ಟದ್ದನ್ನು ಎಲ್ಲರೂ ನೋಡಿದರು.

ಎರಡು ತಿಂಗಳಿಗೆ ಗುರವ್ವ ಹೆಣ್ಣು ಹಡೆದಳು. ಕೂಸು ಉಳಿಯಿತು. ಹೆಸರು ಇಂದುಮತಿ ಎಂದು ಇಟ್ಟಳು.

“ಬಾಮಣರ ಹೆಸರ ತಂದು ಇಟ್ಟಿಯಲ್ಲವಾ,” ಎಂದು ಓಣಿಯವರು ಚೇಷ್ಟೆ ಮಾಡಿದರೆ, “ದೆವ್ವದ ಕೈಯಾಗಿಂದ ಪಾರಾದಾಕೀ ಹೆಸರ, ನಿಮಗೇನ ಗೊತ್ತು,” ಅನ್ನುತ್ತಿದ್ದಳು.

ಒಂದು ಸುಳ್ಳು ಸಾಕಿದರೆ ಅದಕ್ಕೆ ಮೇವು ಹಾಕಬೇಕು. ನಾಲ್ಕನೇ ಭಾಗದಲ್ಲಿ ರಘುನಾಥ ಎರಡನೇ ಮದುವೆಯಾದ. ಹೆಂಡತಿ ಇನ್ನೂ ಬದುಕಿದ್ದಾಳಲ್ಲ, ಮಥುರಾಬಾಯಿ ಏನು ಮಾಡಬೇಕು? ಮದುವೆಯ ಅಧ್ಯಾಯ ಹಾರಿಸಿ, ಎರಡನೆಯವಳ ಹೆಸರು ಬಂದಲ್ಲೆಲ್ಲ ಇಂದುಮತಿ ಎಂದು ಓದಿದಳು. ಆ ಎರಡನೆಯವಳೋ ಬಲು ಜಗಳಗಂಟಿ. ತಣ್ಣಗಿದ್ದ ಇಂದುಮತಿ ಹಿಂಗ್ಯಾಕಾದಳು ಎಂದು ರಾಚವ್ವ ಸಂಶಯ ತೆಗೆದಳು. ಗುರವ್ವನೇ ಉತ್ತರ ಕೊಟ್ಟಳು: “ಹಡದ ಮ್ಯಾಲ ಹೆಂಗಸರಿಗೆ ಸಿಟ್ಟು ಬರೂದ. ನನಗ ಬರೂದಿಲ್ಲೇನ?” ಐದನೇ ಭಾಗದಲ್ಲಿ ಕರಿಕಂಬಳಿ ಸುಟ್ಟು ಬೂದಿಯಾಯಿತು, ಸರಣಿ ಮುಗಿಯಿತು ಎಂದು ಕೊನೆಯ ಪುಟದಲ್ಲಿ ಬರೆದಿತ್ತು. ಆ ದಿನ ಮಥುರಾಬಾಯಿ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು. ಪಾರಾದೆ ಎಂದುಕೊಂಡಳು.

ಈಗ ಎಪ್ಪತ್ತೇಳರ ಡಿಸೆಂಬರಿನಲ್ಲಿ ಆರನೇ ಭಾಗ ಕೈಗೆ ಬಂದಿದೆ. ಅಮಾಸಿಗೆ ಗೋದಾಮು ಬಂದ್. ಮಧ್ಯಾಹ್ನ ಬಾಗಿಲ ಬೆಳಕಿಗೆ ಕೂತು ಮೊದಲು ತಾನೊಬ್ಬಳೇ ಓದಿದಳು. ಇಪ್ಪತ್ತು ಪುಟ ಆಗುವುದರೊಳಗೆ ಸಂಗತಿ ಗೊತ್ತಾಯಿತು. ಕರಿಕಂಬಳಿಯ ಬೂದಿಯಿಂದ ಎದ್ದು ಬಂದದ್ದು ಇಂದುಮತಿ. ಹಸಿ ಸೀರೆ, ಕೂದಲಿಂದ ನೀರು. ರಘುನಾಥನ ಎರಡನೇ ಹೆಂಡತಿಯ ಬಾಗಿಲು ಬಡಿದು, “ನನ್ನ ಕೂಸು ಎಲ್ಲಿ” ಎಂದು ಕೇಳುತ್ತಾಳೆ. ಪುಸ್ತಕದ ತುಂಬ ಅದೇ ಕತೆ. ಸತ್ತ ಇಂದುಮತಿಗೂ ಎರಡನೆಯವಳಿಗೂ ಯುದ್ಧ, ಮಥುರಾಬಾಯಿಯ ಲೆಕ್ಕದಲ್ಲಿ ಇಂದುಮತಿಗೂ ಇಂದುಮತಿಗೂ ಯುದ್ಧ.

ರಟ್ಟಿನ ಮೇಲಿನ ದೆವ್ವವನ್ನು ನೋಡಿ ಆಕೆ ಹೆದರಲಿಲ್ಲ. ಗುರವ್ವನ ಮನೆಯಲ್ಲಿ ಆಡುತ್ತಿರುವ ಎಂಟು ವರ್ಷದ ಹುಡುಗಿಯ ಹೆಸರು ನೆನೆದು ಹೆದರಿದಳು. ಎರಡು ಕೂಸು ಕಳಕೊಂಡು ಮೂರನೆಯದಕ್ಕೆ ದೆವ್ವವಾದವಳ ಹೆಸರಿಟ್ಟಿದ್ದೇನೆ ಎಂದು ಗುರವ್ವನಿಗೆ ತಿಳಿದರೆ? ಹುಡುಗಿಗೆ ಜ್ವರ ಬಂದರೆ ಯಾರನ್ನು ದೂರುತ್ತಾಳೆ? ಎಂಟು ಬೊಗಸೆಯಲ್ಲಿ ಎಷ್ಟು ಉಳಿಯುತ್ತವೆ?

ಮರುದಿನ ಓದಲಿಕ್ಕೆ ಕೂತಳು. ದೆವ್ವದ ಹೆಸರು ಬಂದಲ್ಲೆಲ್ಲ “ಸುಶೀಲಾ” ಎಂದಳು.

ಮೊದಲ ದಿನ ಎಲ್ಲರೂ ಕಿವಿಯಾಗಿ ಕೇಳಿದರು. ಎರಡನೇ ದಿನ ಗುಸುಗುಸು ಸುರುವಾಯಿತು. ಮೂರನೇ ದಿನ ರಾಚವ್ವ ಮೊರ ಕುಟ್ಟಿದಳು.

“ನಿಲ್ಲಸ್ರಿ ಬಾಯಾರ. ಈ ಸುಶೀಲಾ ಯಾರು? ಐದು ಭಾಗದಾಗ ಇಲ್ಲದಾಕಿ ಆರನೇದರಾಗ ಎಲ್ಲಿಂದ ಉದುರಿದ್ಳು?”

“ಕೂಸು ಎಲ್ಲಿ ಅಂತ ಇಂದುಮತಿನ್ನ ಯಾಕ ಕೇಳತಾಳ? ಇಂದುಮತಿ ಏನ ಆಕೀ ಸೂಲಗಿತ್ತಿ ಏನ?” ಎಂದಳು ಇನ್ನೊಬ್ಬಳು.

“ಬರಿಯಾಂವಗ ವಯಸ್ಸಾತು. ಏಳು ವರ್ಷ ಕುಂತು ಇದನ್ನ ಬರದಾನ? ಇದಕ್ಕಿಂತ ನಮ್ಮ ಎಮ್ಮಿ ಛಲೋ ಬರೀತಿತ್ತು.”

“ರೊಕ್ಕದ ಆಸೆಕ್ಕ ಬರದಾನ ತಗೀ. ಸುಟ್ಟಿದ್ದನ್ನ ಸುಟ್ಟಲ್ಲೇ ಬಿಡಬೇಕಿತ್ತು.”

ಮಥುರಾಬಾಯಿ ತಲೆ ತಗ್ಗಿಸಿ ಬೈಗುಳ ಕೇಳಿದಳು. ಯಾರೋ ಬರೆದ ಒಳ್ಳೆಯ ಕತೆಯನ್ನು ಕೆಡಿಸಿ ಅವನಿಗೇ ಬೈಗುಳ ಕೊಡಿಸುತ್ತಿದ್ದೇನೆ ಎಂದು ಆಕೆಗೆ ಗೊತ್ತಿತ್ತು. ಯಾಕೆಂದರೆ ಆ ಕತೆ ನಿಜಕ್ಕೂ ಒಳ್ಳೆಯದಿತ್ತು.

ನಾಲ್ಕನೇ ದಿನ ಎಂಟು ಮಂದಿಯಲ್ಲೊಬ್ಬಳಾದ ಬಾಯವ್ವ ಬಂದಳು. ತಂಗಿಯ ಮಗಳ ಮದುವೆಗೆಂದು ಸವದತ್ತಿಗೆ ಹೋಗಿದ್ದವಳು, ಬಂದವಳೇ ಚೀಲ ಇಳಿಸುವ ಮೊದಲು ಬಾಯಿ ಇಳಿಸಿದಳು.

“ಸವದತ್ತಿಯಾಗ ಮದುವಿ ಮನಿಯಾಗೂ ಇದ ಮಾತು. ಇಂದುಮತಿ ದೆವ್ವ ಆಗಿ ಬಂದಾಳಂತ. ಅರ್ಧಾ ಮಂದಿ ಅಳಾಕ ಹತ್ತಿದ್ರು, ಅರ್ಧಾ ಮಂದಿ ಬಡದಾಡಾಕ ಹತ್ತಿದ್ರು. ರಾಮದುರ್ಗದ ಬೀಗರ ಕಡಿ ನೇಕಾರರು ಬಂದಿದ್ರು. ಅಲ್ಲೆ ಮಗ್ಗದ ಮುಂದ ಓದಿಸಿ ಕೇಳತಾರಂತ. ಅಂಥಾ ಗರತಿನ್ನ ದೆವ್ವ ಯಾಕ ಮಾಡಿದಿ ಅಂತ ಬರದಾಂವಗ ಕಾಗದದ ಮ್ಯಾಲ ಕಾಗದ ಹಾಕ್ಯಾರಂತ.”

ಗೋದಾಮಿನಲ್ಲಿ ಬೀಜ ಬೀಳುವ ಸಪ್ಪಳ ನಿಂತಿತು.

“ಇಂದುಮತಿ ಸತ್ತಿದ್ದು ಯಾವಾಗ?” ಎಂದಳು ಗುರವ್ವ.

“ಮೂರನೇದರಾಗಂತ. ಬಾವ್ಯಾಗ.”

ರಾಚವ್ವ ಸಿಡಿದಳು. “ಸವದತ್ತಿಯವರಿಗೆ ಏನ ತಿಳೀತೈತಿ? ನಾವು ಕೂತು ಕೇಳೇವಿ, ಹಗ್ಗ ಹಿಡದು ಮ್ಯಾಲ ಬಂದಾಳ. ನಾಲ್ಕನೇದರಾಗ ಗಂಡನ ಕೂಡ ಜಗಳಾಡ್ಯಾಳ. ಸತ್ತಾಕಿ ಜಗಳಾಡತಾಳೇನ?”

“ಅಲ್ಲಿ ಓದಾಕಿ ಸುಳ್ಳ ಓದಿರಬೇಕು,” ಎಂದಳೊಬ್ಬಳು. “ಬಾಯಾರ, ನೀವ ಹೇಳ್ರಿ.”

“ಬೇರೆ ಬೇರೆ ಛಾಪಖಾನಿಯೊಳಗ ಒಮ್ಮೊಮ್ಮೆ ಬೇರೆ ಬೇರೆ ಬರ್ತದ,” ಎಂದಳು ಮಥುರಾಬಾಯಿ. ಹೇಳುವಾಗಲೇ ಗೊತ್ತಾಯಿತು, ಇದು ಸಾಲದು ಎಂದು.

ಸಾಲಲಿಲ್ಲ. ಬರೆದವನಿಗೇ ಕೇಳಿಬಿಡೋಣ ಎಂದು ಠರಾವಾಯಿತು. ಅಂದಾನೆಪ್ಪನ ಗಲ್ಲಾಪೆಟ್ಟಿಗೆಯಿಂದ ಟಪಾಲು ಕಾರ್ಡು ಬಂತು. ಎಂಟು ಮಂದಿ ಹೇಳುವುದು, ಮಥುರಾಬಾಯಿ ಬರೆಯುವುದು. ‘ನಾವು ಬೈಲಹೊಂಗಲದ ಶೇಂಗಾ ಆರಿಸುವ ಹೆಣ್ಣುಮಕ್ಕಳು. ಆರನೇ ಭಾಗ ನಮಗೆ ಬರೋಬರಿ ಅನಿಸಲಿಲ್ಲ. ಸುಶೀಲಾ ಎಂಬವಳು ಯಾರು ಎಂದು ತಿಳಿಸಬೇಕು. ಇಂದುಮತಿ ಮೂರನೇ ಭಾಗದಲ್ಲಿ ಸತ್ತಳು ಎಂದು ಸವದತ್ತಿಯವರು ಹೇಳುತ್ತಾರೆ, ಅದು ಸುಳ್ಳೆಂದು ಬರೆದು ಕಳಿಸಬೇಕು.’ ಅಕ್ಷರ ಅಕ್ಷರವೂ ಅವರು ಹೇಳಿದಂತೆಯೇ ಬರೆದಳು. ಎಂಟು ವರ್ಷದಲ್ಲಿ ಅವರೆದುರು ಪ್ರಾಮಾಣಿಕವಾಗಿ ಮಾಡಿದ ಮೊದಲ ಅಕ್ಷರದ ಕೆಲಸ ಅದೇ ಇರಬೇಕು. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ದಾರಿಯಲ್ಲಿ ಹರಿದುಬಿಡೋಣ ಎಂದುಕೊಂಡಿದ್ದಳು. ಗುರವ್ವ ಕೈ ಚಾಚಿದಳು.

“ತರ್ರಿ ಇಲ್ಲೆ. ನಾ ಪ್ಯಾಟಿಗೆ ಹೊಂಟೇನಿ, ಡಬ್ಬಿಗೆ ಹಾಕತೇನಿ.”

ಆಮೇಲೆ ಹನ್ನೊಂದು ದಿನ. ಉತ್ತರ ಬರುವ ತನಕ ಆರನೇ ಭಾಗ ಬ್ಯಾಡ ಎಂದರು. ಮಥುರಾಬಾಯಿ ಹಳೆಯ ಪತ್ರಿಕೆ ಓದಿದಳು. ತುರ್ತು ಪರಿಸ್ಥಿತಿ ಆ ವರ್ಷವೇ ಮುಗಿದಿತ್ತು. ಯಾವ ಸುದ್ದಿ ಛಾಪಿಸಬೇಕು ಯಾವುದು ಬಿಡಬೇಕು ಎಂದು ಸರಕಾರದವರು ಹೇಗೆ ಕತ್ತರಿ ಹಾಕಿದರು ಎಂಬುದೇ ಪುಟದ ತುಂಬ. ರಾಚವ್ವನ ಮಗ ಎರಡು ತಿಂಗಳು ಜೈಲಿನಲ್ಲಿದ್ದವನು. ಆಕೆ ಹಲ್ಲು ಕಡಿದು, “ನಮಗ ಏನ ಕೇಳಸಬೇಕು ಅನ್ನೂದು ಅವರು ಯಾರು ಠರಾಯಿಸಾಕ,” ಅನ್ನುವಳು. ಮಥುರಾಬಾಯಿ ಹಾಳೆ ತಿರುವುವಳು. ಟಪಾಲಿನವನ ಸೈಕಲ್ಲಿನ ಗಂಟೆ ಕೇಳಿದರೆ ಸಾಲು ತಪ್ಪುವಳು. ಅವನು ಮುಂದೆ ಹೋದರೆ ಬದುಕಿದೆ ಎನಿಸುವುದು, ಹಿಂದೆಯೇ ನಾಳೆ ಎಂಬುದು ಇದೆಯಲ್ಲ ಎನಿಸುವುದು. ಬೊಗಸೆಗಳು ಬೀಳುತ್ತಲೇ ಇದ್ದವು. ಗುರವ್ವನದೂ ಬೀಳುತ್ತಿತ್ತು. ಆದರೆ ಆಕೆ ಮೊದಲಿನಂತೆ ಮಾತಾಡುತ್ತಿರಲಿಲ್ಲ.

ಹನ್ನೆರಡನೇ ದಿನ ಅಂದಾನೆಪ್ಪ ಕಾರ್ಡು ಹಿಡಿದು ಒಳಗೆ ಬಂದ.

“ನಿಮ್ಮ ದೆವ್ವದ ಮಾಲಕ ಉತ್ತರ ಕೊಟ್ಟಾನ. ನನ್ನ ಚಾಳೀಸು ಮನಿಯಾಗ ಉಳಿದೈತಿ,” ಎಂದು ಮಥುರಾಬಾಯಿಯ ಕೈಯಲ್ಲೇ ಇಟ್ಟು ಹೋದ.

ಗೋದಾಮಿನಲ್ಲಿ ಅದನ್ನು ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಏನು ಬೇಕಾದರೂ ಓದಬಹುದಿತ್ತು. ಸುಶೀಲಾ ರಘುನಾಥನ ಅಕ್ಕ ಎನ್ನಬಹುದಿತ್ತು, ಸವದತ್ತಿಯವರದು ಕಳ್ಳ ಛಾಪು ಎನ್ನಬಹುದಿತ್ತು. ಹಾಗೆಂದರೆ ರಾಚವ್ವ ಗೆದ್ದೆ ಎಂದು ಕುಣಿಯುತ್ತಿದ್ದಳು. ಮಥುರಾಬಾಯಿ ಕಾರ್ಡನ್ನು ಮೂಗಿನ ಹತ್ತಿರ ಹಿಡಿದಳು.

“ನಿಮ್ಮ ಪತ್ರ ತಲುಪಿತು. ಸುಶೀಲಾ…” ಎಂದು ನಿಂತಳು. ಮುಂದಿನ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಗುರವ್ವ ಬೀಜ ಆರಿಸುವುದು ನಿಲ್ಲಿಸಿರಲಿಲ್ಲ, ಕಣ್ಣು ಮಾತ್ರ ಎತ್ತಿದ್ದಳು. ಆ ಕಣ್ಣಿಗೆ ಆಗಲೇ ಗೊತ್ತಿದೆ ಎನಿಸಿತು ಮಥುರಾಬಾಯಿಗೆ.

“ಸುಶೀಲಾ ಎಂಬ ಪಾತ್ರ ನನ್ನ ಯಾವ ಕಾದಂಬರಿಯಲ್ಲೂ ಇಲ್ಲ,” ಎಂದು ಇದ್ದದ್ದನ್ನು ಓದಿದಳು. “ಇಂದುಮತಿ ಮೂರನೇ ಭಾಗದಲ್ಲಿಯೇ ಸತ್ತಿದ್ದಾಳೆ. ಆಕೆಯನ್ನು ದೆವ್ವ ಮಾಡಿದ್ದಕ್ಕೆ ರಾಮದುರ್ಗದಿಂದ ನಲವತ್ತು ಪತ್ರ ಬಂದಿವೆ, ಬದುಕಿದ್ದಾಳೆಂದು ಬರೆದವರು ನೀವು ಮಾತ್ರ. ನಿಮ್ಮ ಹತ್ತಿರ ಇರುವ ಮೂರನೇ ಭಾಗ ಯಾವುದೋ ನನಗೆ ತಿಳಿಯದು. ಸಾಧ್ಯವಾದರೆ ಕಳಿಸಿರಿ, ನಾನೂ ಓದಬೇಕು.”

ಕಾರ್ಡು ಮಡಚಿ ಹೇಳಿದಳು: “ಪುಸ್ತಕ ಬರೋಬರಿ ಅದ. ಸುಳ್ಳ ಓದಿದಾಕಿ ನಾನು. ಗುರವ್ವಗ ಆಗ ಏಳು ತಿಂಗಳಿತ್ತು. ನನಗ ಧೈರ್ಯ ಆಗಲಿಲ್ಲ.”

ಬಾಯವ್ವನೇ ಮೊದಲು, “ಅಯ್ಯ, ಹೆಸರು,” ಎಂದು ಬಾಯಿಗೆ ಸೆರಗು ಹಚ್ಚಿಕೊಂಡಳು.

“ಹೆಸರಿಗೇನಾಗೈತಿ?” ಎಂದಳು ಗುರವ್ವ. ಧ್ವನಿ ಏರಿಸಲಿಲ್ಲ. “ನಮ್ಮಪ್ಪನ ಅವ್ವ ಸತ್ತ ಹನ್ನೆರಡನೇ ದಿನಕ್ಕ ನಾ ಹುಟ್ಟೀನಿ, ಆಕೀ ಹೆಸರ ನನಗ ಇಟ್ರು. ಸತ್ತವರ ಹೆಸರ ಇಡದ ಮತ್ತ್ಯಾರ ಹೆಸರ ಇಡತಾರ? ಅದನ್ನ ಬಿಡು.” ಮೊರ ಕೆಳಗಿಟ್ಟಳು. “ಬಾಯಾರ, ಎರಡು ಕೂಸು ನನ್ನ ಕೈಲೆ ಮಣ್ಣ ಮಾಡಿ ಬಂದಾಕಿ ನಾ. ಪುಸ್ತಕದಾಗಿನ ಸಾವು ಕೇಳಿ ಸಾಯತೇನಿ ಅಂತ ತಿಳಿದ್ರೇನ?”

“ಹಂಗಲ್ಲ ಗುರವ್ವ…”

“ಹಂಗ ಐತಿ. ಯಾವುದು ಕಿವಿಗೆ ಬೀಳಬೇಕು ಯಾವುದು ಬೀಳಬಾರದು, ಅದನ್ನ ಮೊದಲಿಂದ ನಿಮ್ಮ ಮಂದಿನ ಠರಾಯಿಸಿಕೊಂತ ಬಂದಾರ. ನನ್ನ ಒಂದ ಮಾತು ಕೇಳಬೇಕಾಗಿತ್ತು ನೀವು. ಓದಲ್ಯೋ ಬ್ಯಾಡೋ ಅಂತ. ಇಷ್ಟ.”

ಮಥುರಾಬಾಯಿ ಎಂಟು ವರ್ಷ ಅಂಜಿದ್ದು ಹೆಸರಿಗೆ. ಪೆಟ್ಟು ಬಂದದ್ದು ಬೇರೆ ಕಡೆಯಿಂದ.

“ನಾಳೆ ಮೂರನೇದು ತರ್ರಿ. ಆಕಿ ಸತ್ತ ಹಾಳಿ ಓದ್ರಿ. ಇದ್ದದ್ದು ಇದ್ದಂಗ.”

ಮರುದಿನ ತಂದಳು. ಬಾವಿಯ ಏಳು ಮೆಟ್ಟಿಲು ಒಂದೊಂದಾಗಿ ಓದಿದಳು. ಇಂದುಮತಿ ಕೂಗಿದಳು, ಹಗ್ಗ ಬರಲಿಲ್ಲ, ನೀರು ಮುಚ್ಚಿತು. ಬಾಯವ್ವ ಮೂಗು ಒರೆಸಿದಳು. ಗುರವ್ವನ ಬೆರಳು ಒಂದು ಸಲವೂ ನಿಲ್ಲಲಿಲ್ಲ. ಹುಳುಕು ಆಚೆ, ಗಟ್ಟಿ ಈಚೆ.

“ಇದ ಛಲೋ ಐತಿ,” ಎಂದಳು ರಾಚವ್ವ ಕೊನೆಗೆ. “ನಿಮ್ಮ ಹಗ್ಗದ ಕತಿಕ್ಕಿಂತ ಛಲೋ. ಪಾಪ, ಆ ಬರದಾಂವಗ ನಾ ಎಮ್ಮಿ ಅಂದ್ನಿ.”

ಮೊರಗಳು ಮುಗಿದವು. ಬೊಗಸೆ ಬೀಳತೊಡಗಿದವು. ಮಥುರಾಬಾಯಿ ನೋಡಬಾರದೆಂದುಕೊಂಡೂ ಎಣಿಸಿದಳು. ಏಳು ಬಿದ್ದವು. ಗುರವ್ವ ತನ್ನ ಮೊರವನ್ನು ಪೂರಾ ತನ್ನ ಗುಡ್ಡೆಗೇ ಸುರಿದಳು. ಮಥುರಾಬಾಯಿ ಪುಸ್ತಕ ಮುಚ್ಚಿ, ಕೊರತೆಯದನ್ನು ತಾನೇ ಆರಿಸೋಣ ಎಂದು ಖಾಲಿ ಮೊರಕ್ಕೆ ಕೈ ಹಾಕಿದಳು.

“ಯಾಕ ನಿಲ್ಲಿಸಿದ್ರಿ?” ಎಂದಳು ಗುರವ್ವ, ತಲೆ ಎತ್ತದೆ. “ಆರನೇದು ಮೊದಲಿಂದ ಓದ್ರಿ. ಆಕೀ ಹೆಸರಲೇ ಓದ್ರಿ.”

ಹತ್ತು ದಿನ ಓದಿದಳು. ದೆವ್ವ ಬಾಗಿಲು ಬಡಿದು ಕೂಸನ್ನು ಕೇಳಿದಾಗ ಎಲ್ಲರ ಕೂದಲು ನಿಮಿರಿದವು. ಎರಡನೇ ಹೆಂಡತಿ ಯಾರು, ಆಕೆಯ ಸಿಟ್ಟು ಎಲ್ಲಿಯದು ಎಂಬುದೆಲ್ಲ ಈಗ ಸರಿಹೋಯಿತು. ರಾಮದುರ್ಗದವರು ಮೂರ್ಖರು, ಇಂದುಮತಿ ದೆವ್ವವಾಗಬೇಕಾದ್ದೇ ಎಂದು ಗೋದಾಮಿನ ತೀರ್ಪಾಯಿತು. ಆ ಹೆಸರು ಬಂದಾಗೊಮ್ಮೆ ಮಥುರಾಬಾಯಿಯ ಕಣ್ಣು ಗುರವ್ವನ ಕಡೆ ಹೋಗಿ ಬರುತ್ತಿತ್ತು. ಗುರವ್ವ ಎಲ್ಲರಿಗಿಂತ ಮೊದಲು ಬಂದು ಎದುರಿಗೇ ಕೂಡುವಳು. ಬೊಗಸೆ ಮಾತ್ರ ಹತ್ತು ದಿನವೂ ಏಳೇ.

ಕೊನೆಯ ಪುಟ ಮುಗಿಯಿತು. ಇಂದುಮತಿ ಕೂಸಿಲ್ಲದೆಯೇ ನೀರಿಗಿಳಿದಳು.

“ಇಷ್ಟ ಐತೇನ, ಇನ್ನೂ ಐತೇನ?” ಎಂದಳು ಗುರವ್ವ.

“ಇಷ್ಟ.”

ಗುರವ್ವ ಸೆರಗಿಗೆ ಕೈ ಒರೆಸಿ ಮುಂದೆ ಚಾಚಿದಳು. ಮಥುರಾಬಾಯಿ ಪುಸ್ತಕ ಕೊಟ್ಟಳು. ಓದಲು ಬಾರದ ಆ ಕೊನೆಯ ಸಾಲುಗಳನ್ನು ಗುರವ್ವ ಬೆರಳಿಟ್ಟು ಮೇಲಿಂದ ಕೆಳಗಿನ ತನಕ ನೋಡಿದಳು. ಹಾಳೆ ತಿರುವಿ ಹಿಂದೆ ಏನಾದರೂ ಉಳಿದಿದೆಯೇ ಎಂದು ನೋಡಿದಳು. ರಟ್ಟು ನೋಡಿದಳು. ಆಮೇಲೆ ತಿರುಗಿ ಕೊಟ್ಟಳು.

“ಹಂಗಾರ ಮುಗೀತು,” ಎಂದು ಮೊರ ತೊಡೆಯ ಮೇಲೆ ಎಳಕೊಂಡಳು.

ಆ ಮೊರದಲ್ಲಿ ಆರಿಸುವುದು ಇನ್ನು ಎರಡು ಹಿಡಿಯಷ್ಟು ಇತ್ತು. ಮಥುರಾಬಾಯಿ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಆ ಎರಡು ಹಿಡಿ ಮುಗಿಯುವುದನ್ನೇ ನೋಡುತ್ತ ಕೂತಳು.